ಹಸಿರು ದಾರದ ಗಂಟು

ಶ್ರಾವಣ ಹುಟ್ಟುವ ಮೊದಲು ಫ್ರೀಜರಿನಲ್ಲಿ ಮೀನಿನ ಒಂದು ಮುಳ್ಳೂ ಇರಬಾರದು. ತಿನ್ನಬಾರದು ಅಂತಷ್ಟೇ ಅಲ್ಲ, ಮನೆಯೊಳಗೇ ಇರಬಾರದು. ನನ್ನ ಅತ್ತೆ ಇದ್ದಾಗ ಅಮಾವಾಸ್ಯೆಯ ದಿನ ಒಣಮೀನಿನ ಮಡಕೆಯನ್ನು ಹೊರಗೆ ಬಚ್ಚಲಿನ ಮಾಡಿಗೆ ಕಟ್ಟುತ್ತಿದ್ದರು. ಚೌತಿ ಮುಗಿದ ಮೇಲೆ ಇಳಿಸುತ್ತಿದ್ದರು. ಫ್ರಿಜ್ಜನ್ನು ಹಾಗೆ ಮಾಡಿಗೆ ಕಟ್ಟಲು ಬರುವುದಿಲ್ಲ. ಒಳಗಿದ್ದದ್ದನ್ನು ತಿಂದೇ ಖಾಲಿ ಮಾಡಬೇಕು.

ನಾನಿರುವುದು ಕಾರವಾರದ ಹಬ್ಬುವಾಡದಲ್ಲಿ, ಒಂದು ಚಾಳಿನ ಕೊನೆಯ ಖೋಲಿಯಲ್ಲಿ. ಸಾಲಾಗಿ ಖೋಲಿಗಳು, ಎಲ್ಲಕ್ಕೂ ಸೇರಿ ಎದುರಿಗೆ ಒಂದೇ ಉದ್ದ ಜಗಲಿ. ಗಂಡ ಗಾರೆ ಕೆಲಸದವನು, ಸತ್ತು ಬಹಳ ವರ್ಷವಾಯಿತು. ಮಕ್ಕಳಾಗಲಿಲ್ಲ. ಅದರ ಕಥೆ ಇಲ್ಲಿ ಬೇಡ. ನಾನು ಮೂರನೇ ಇಯತ್ತೆಯವರೆಗೆ ಕಲಿತವಳು, ಬಾಯಲ್ಲಿ ಹೇಳಿದಷ್ಟು ಬೇಗ ಬರೆಯಲು ಬರುವುದಿಲ್ಲ. ನಿಧಾನ ಬರೆದರೂ ಬರೆದದ್ದು ಸುಳ್ಳಲ್ಲ.

ಫ್ರಿಜ್ಜು ನಾನು ಕೊಂಡದ್ದಲ್ಲ. ಅಡುಗೆಗೆ ಹೋಗುತ್ತಿದ್ದ ಮನೆಯ ಸಾಹೇಬರು ವರ್ಗವಾಗಿ ಹೋಗುವಾಗ ಹೊರಲು ಬೇಸರವಾಗಿ ಬಿಟ್ಟು ಹೋದದ್ದು. ಬಾಗಿಲಿನ ಬುಡಕ್ಕೆ ತುಕ್ಕು ಹಿಡಿದಿದೆ, ಶುರುವಾಗುವಾಗ ಮುದಿ ಎತ್ತಿನ ಹಾಗೆ ಒಮ್ಮೆ ಮೈ ಕೊಡವುತ್ತದೆ. ಆದರೆ ಮೇಲಿನ ಫ್ರೀಜರು ದೊಡ್ಡದು. ಆಗ ಇಡೀ ಚಾಳಿಗೆ ಅದೊಂದೇ ಫ್ರಿಜ್ಜು.

ಮಳೆಗಾಲಕ್ಕೆ ದೋಣಿಗಳು ದಡ ಹತ್ತುವ ಮೊದಲು ಚಾಳಿನ ಹೆಂಗಸರೆಲ್ಲ ಮೀನು ಕೊಂಡು, ತೊಳೆದು, ಉಪ್ಪು ಅರಿಶಿನ ಸವರಿ, ಖಾಲಿ ಹಾಲಿನ ಕೊಟ್ಟೆಯಲ್ಲಿ ಕಟ್ಟಿ ನನ್ನ ಬಾಗಿಲಿಗೆ ತರುತ್ತಿದ್ದರು. ಯಾವುದು ಯಾರದ್ದು ಎಂದು ಗೊತ್ತಾಗಲು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಗಂಟು ಇಡಲು ಬಂದವರು ನಿಲ್ಲುತ್ತಿದ್ದರು, ತೆಗೆಯಲು ಬಂದವರು ಕೂರುತ್ತಿದ್ದರು. ಯಾರ ಗಂಡ ಕುಡಿದು ಬಂದ, ಯಾರ ಸೊಸೆ ಬಸುರಿ, ಎಲ್ಲ ಆ ಫ್ರೀಜರಿನ ಬಾಗಿಲಲ್ಲೇ ತಿಳಿಯುತ್ತಿತ್ತು. ನಾನು ಒಂದೇ ಕಾನೂನು ಮಾಡಿದ್ದೆ. ಬೇರೆಯವರ ಗಂಟು ನಾನು ಬಿಚ್ಚುವುದಿಲ್ಲ. ಅವರವರೇ ಬಂದು ಒಯ್ಯಬೇಕು.

ಹಸಿರು ದಾರ ನಡುವಿನ ಖೋಲಿಯವಳದ್ದು. ನನಗಿಂತ ಸಣ್ಣವಳು, ಅಂಕೋಲೆ ಕಡೆ ಅವರ್ಸಾದವಳು. ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಬಾಯಿ ಜೋರು, ಮೀನು ಇಲ್ಲದೆ ತುತ್ತು ಇಳಿಯದು. ಅವಳ ಕೂಡೆ ನನ್ನದು ಫ್ರೀಜರಿನ ನೆಂಟಸ್ತಿಕೆ ಮಾತ್ರ ಅಲ್ಲ, ತರಕಾರಿಯ ಪಾಲುದಾರಿಕೆಯೂ ಇತ್ತು.

ಕಾರವಾರದಲ್ಲಿ ಆಯ್ತವಾರ ಸಂತೆ. ಘಟ್ಟದ ಮೇಲಿನವರು ತರಕಾರಿ ತಂದು ಬೆಳಗ್ಗೆಯಿಂದ ಕೂಗುತ್ತಾರೆ. ಬೆಳಗ್ಗೆ ಹೋಗುವವರಿಗೆ ದುಡ್ಡು ಹೆಚ್ಚಾಗಿರಬೇಕು. ಸಂಜೆ ಟೆಂಪೋ ತುಂಬುವ ಹೊತ್ತಿಗೆ ಹೋದರೆ ಉಳಿದದ್ದನ್ನು ಗುಡ್ಡೆ ಲೆಕ್ಕದಲ್ಲಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಬೀನ್ಸು, ಗಜ್ಜರಿ, ಹೂಕೋಸು, ಬಟಾಣಿ, ಎಂತ ಇದ್ದರೆ ಅದು. ಅವಳು ಚೀಲ ಹಿಡಿದು ಜಗಳ ಮಾಡಿ ತರುತ್ತಿದ್ದಳು. ನಾನು ನೀರು ಕಾಯಿಸಿ ಇಡುತ್ತಿದ್ದೆ. ಆಮೇಲೆ ಇಬ್ಬರೂ ಎರಡು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ವಾರದ ತರಕಾರಿ ಒಂದೇ ಪಟ್ಟಿಗೆ ಮುಗಿಯಬೇಕು.

ಮಾಡುವ ರೀತಿ ಹೀಗೆ. ಬೀನ್ಸಿನ ನಾರು ತೆಗೆದು ಒಂದೇ ಅಳತೆಗೆ ಹೆಚ್ಚಬೇಕು. ಕುದಿವ ಉಪ್ಪುನೀರಿಗೆ ಹಾಕಿ, ಒಂದು ಕುದಿ ಬಂದ ಕೂಡಲೇ ಬಸಿದು ತಣ್ಣೀರಿಗೆ ಹಾಕಬೇಕು. ಹಳೆಯ ಪಂಚೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಆರಿಸಬೇಕು. ಒದ್ದೆ ಇದ್ದದ್ದನ್ನು ಕಟ್ಟಿದರೆ ಕಲ್ಲಾಗುತ್ತದೆ. ಹಾಲಿನ ಕೊಟ್ಟೆಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ ಇಟ್ಟುಕೊಂಡಿರಬೇಕು. ಅದರಲ್ಲಿ ತುಂಬಿ ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಬೇಕು. ಚಪ್ಪಟೆ ಇದ್ದರೆ ಬೇಕಾದಷ್ಟೇ ಮುರಿದು ತೆಗೆಯಬಹುದು. ಹೂಕೋಸಿನ ದಂಟು ಎಸೆಯಬಾರದು, ಸಣ್ಣ ಹೆಚ್ಚಿದರೆ ಪಲ್ಯಕ್ಕಾಗುತ್ತದೆ. ಬಿರುಕು ಬಿಟ್ಟ ತೆಂಗಿನಕಾಯಿ ಅಗ್ಗಕ್ಕೆ ಸಿಕ್ಕಿದರೆ ಎಲ್ಲ ತುರಿದು ಇಡಬೇಕು. ಸೌತೆಕಾಯಿ, ಮೂಲಂಗಿ, ಹಸಿ ಬಟಾಟೆ ಇಡಬಾರದು. ಅವು ಆಮೇಲೆ ತೊಳೆದ ಬಟ್ಟೆಯ ಹಾಗಾಗುತ್ತವೆ.

ಅವಳು ದಪ್ಪ ಹೆಚ್ಚುತ್ತಿದ್ದಳು. ಪ್ರತಿ ವಾರ ಅದೇ ಜಗಳ.

“ಇದು ಬೀನ್ಸೋ, ಒಲೆಗೆ ಹಾಕೂ ಸೌದಿಯೋ?” ಎಂದು ನಾನು.

“ನಿನ್ನದು ನೋಡ್ದ್ರೆ ಹಕ್ಕಿಗೆ ಹಾಕೂಕೆ ಹೆಚ್ಚಿದ ಹಾಂಗೆ ಅದೆ. ಬಾಯಿಗೆ ಎಂತಾರೂ ಸಿಕ್ಕೂಕೆ ಬೇಡ್ವೆ?” ಎಂದು ಅವಳು.

ಈ ವರ್ಷ ಹೋಳಿ ಹುಣ್ಣಿಮೆ ಆದ ಮೇಲೆ ಅವಳ ಮಗ ಅವರ್ಸಾದಲ್ಲಿ ಮನೆ ಕಟ್ಟಿ ಮುಗಿಸಿ ತಾಯಿಯನ್ನು ಕರೆದುಕೊಂಡು ಹೋದ. ಒಳ್ಳೆಯದೇ ಆಯಿತು, ಮೊಣಕಾಲು ಹಿಡಿದು ಇನ್ನೆಷ್ಟು ಪಾತ್ರೆ ತೊಳೆದಾಳು. ಸಾಮಾನು ಟೆಂಪೋಕ್ಕೆ ಹಾಕಿ ಆದ ಮೇಲೆ ನಾನು ಹೇಳಿದೆ, ಫ್ರೀಜರಿನಲ್ಲಿ ನಿನ್ನ ಗಂಟು ಒಂದು ಉಂಟಲ್ಲ. ಒಳಗಿದ್ದದ್ದು ಶೆಟ್ಲಿ. ಸಿಗಡಿಗೆ ನಾವು ಶೆಟ್ಲಿ ಅನ್ನುವುದು. ತಲೆ ತೆಗೆದು ಸುಲಿದು ಅವಳೇ ಕಟ್ಟಿ ಇಟ್ಟದ್ದು.

“ಇರ್ಲೇ ಅಕ್ಕಾ. ಬಂದು ಒಯ್ತೆ. ಅದೊಂದು ಇದ್ರೆ ಬರೂಕೆ ಒಂದು ನೆವ ಆತದೆ” ಎಂದು ಹೇಳಿ ಟೆಂಪೋ ಹತ್ತಿದಳು.

ಆ ಬೇಸಿಗೆಯಲ್ಲೇ ಚಾಳಿಗೆ ಒಂದೊಂದಾಗಿ ಫ್ರಿಜ್ಜು ಬಂದವು. ಒಬ್ಬಳಿಗೆ ಮಗಳ ಸಂಬಳದಲ್ಲಿ, ಒಬ್ಬಳಿಗೆ ಕಂತಿನಲ್ಲಿ. ಗುಲಾಬಿ ಬಣ್ಣದ್ದು, ಬಾಗಿಲ ಮೇಲೆ ಹೂವಿನ ಚಿತ್ರದ್ದು. ಅವರವರ ಮೀನು ಅವರವರ ಮನೆಯಲ್ಲಿ. ಈ ಸಲ ದೋಣಿ ದಡ ಹತ್ತುವಾಗ ನನ್ನ ಬಾಗಿಲಿಗೆ ಯಾರೂ ಗಂಟು ತರಲಿಲ್ಲ. ಜಗಲಿಯಲ್ಲಿ ಓಡಾಡುವವರು ಬಾಗಿಲ ಎದುರು “ಊಟ ಆಯ್ತಾ ಅಜ್ಜಿ” ಎಂದು ಹೇಳಿ, ಉತ್ತರ ಬರುವ ಮೊದಲೇ ದಾಟಿ ಹೋಗುತ್ತಾರೆ. ಪಕ್ಕದ ಖೋಲಿಗೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಒಂದು ದಿನ ನಿಂತಳು.

“ಅಜ್ಜಿ, ನಿಮ್ಮ ಹಳೇ ಫ್ರಿಜ್ಜು ಬರೀ ಕರೆಂಟ್ ತಿಂತದೆ. ಗುಜರಿಗೆ ಹಾಕಿಬಿಡಿ.”

“ನಿನ್ನ ಗಂಡನೂ ಬರೀ ತಿಂತಾನೆ. ಹಾಕಿದ್ಯಾ ಗುಜರಿಗೆ?” ಎಂದೆ.

ಅವಳು ನಕ್ಕಳು. ಆದರೆ ಮತ್ತೆ ನಿಲ್ಲಲಿಲ್ಲ.

ಆಷಾಢ ಹಿಡಿದ ಮೇಲೆ ನಾನು ಫ್ರೀಜರು ಖಾಲಿ ಮಾಡಲು ಹೊರಟೆ. ಮೊದಲು ಹಳೆಯದು, ಆಮೇಲೆ ಹೊಸದು. ಒಂದು ಮೀನಿನದ್ದು ತೆಗೆದರೆ ಜೊತೆಗೆ ಒಂದು ತರಕಾರಿಯದ್ದು. ಒಂದು ದಿನ ಬಂಗಡೆ ಸಾರು, ಅದಕ್ಕೆ ಬೀನ್ಸಿನ ಪಲ್ಯ. ಸೋಮವಾರ ಮೀನಿಲ್ಲ, ಬಟಾಣಿ ಗಜ್ಜರಿ ಹಾಕಿ ಅನ್ನ. ಒಂದು ದಿನ ನೀರಹಲಸಿನ ಹೋಳು ಕಾದ ಹಂಚಿನ ಮೇಲೆ. ತಳದಲ್ಲಿ ಪುಡಿಪುಡಿಯಾಗಿ ಉಳಿದ ಚೂರುಗಳನ್ನೆಲ್ಲ ಒಟ್ಟು ಮಾಡಿ, ಕಾಯಿತುರಿ ಅರೆದು ಒಂದು ಹುಳಿ. ಯಾವುದರ ರುಚಿ ಎಂತ ಎಂದು ಕೇಳಬೇಡಿ, ಬಿಸಿ ಇತ್ತು.

ಕೈಗೆ ಒಂದು ಚಾಳಿ ಹತ್ತಿದೆ. ಇಬ್ಬರ ಪಾಲಿಗೆ ಮುರಿಯುತ್ತದೆ. ನನ್ನ ಒಬ್ಬಳ ಹೊಟ್ಟೆಗೆ ಎಷ್ಟು ಎಂದು ಕೈಗೆ ಇನ್ನೂ ತಿಳಿದಿಲ್ಲ. ಮಧ್ಯಾಹ್ನದ್ದೇ ರಾತ್ರಿಗೆ, ರಾತ್ರಿಯದೇ ಬೆಳಗ್ಗೆ ಗಂಜಿಗೆ. ಹೀಗೆ ತಿಂದು ತಿಂದು ಫ್ರೀಜರಿನ ಹಿಂದಿನ ಗೋಡೆ ಕಾಣತೊಡಗಿತು. ಮೊದಲು ಕೈ ಹಾಕಿದರೆ ಯಾರದ್ದಾದರೂ ಗಂಟು ತಗಲುತ್ತಿತ್ತು. ಈಗ ಬರೀ ಮಂಜು. ನಡುವೆ ಹಸಿರು ದಾರದ ಗಂಟು ಒಂದೇ.

ಅದನ್ನು ಏನು ಮಾಡುವುದು? ನಾನು ತಿನ್ನುವಂತಿಲ್ಲ, ನನ್ನದಲ್ಲ. ಇಡುವಂತಿಲ್ಲ, ಶ್ರಾವಣ ಹತ್ತಿರ ಬಂತು. ಅವಳು ಬಂದು ಒಯ್ಯಬೇಕು. ಫೋನು ಮಾಡಿದೆ.

“ನಿನ್ನ ಗಂಟು ಹಾಂಗೇ ಕೂತದೆ ಮಾರಾಯ್ತಿ.”

“ಹೌದ? ಇರ್ಲಿ ಇರ್ಲಿ. ಆಯ್ತವಾರ ಬರ್ತೆ” ಎಂದಳು. ಧ್ವನಿ ಸಣ್ಣ ಮಾಡಿ ಮಾತಾಡಿದಳು. ಅದು ಅವಳ ಧ್ವನಿಯೇ ಅಲ್ಲ.

ಆಯ್ತವಾರ ನಾನು ಸಂತೆಗೆ ಹೋಗದೆ ಕೂತೆ. ಬರಲಿಲ್ಲ. ಮುಂದಿನ ಆಯ್ತವಾರವೂ ಹಾಗೆಯೇ. ಮತ್ತೆ ಫೋನು ಮಾಡಿದರೆ ಸೊಸೆ ಎತ್ತಿ, “ಆಯಿ ಮಲಗಿದಾರೆ” ಎಂದಳು. ನನಗೆ ಸಿಟ್ಟು ಬಂತು. ಬರುವುದಿಲ್ಲ ಎಂದರೆ ಬರುವುದಿಲ್ಲ ಎನ್ನಬೇಕು. ಇಷ್ಟು ವರ್ಷ ನನ್ನ ಹೊಸ್ತಿಲಲ್ಲಿ ಕೂತದ್ದು ಫ್ರೀಜರಿಗಾಗಿಯೋ, ನನಗಾಗಿಯೋ? ಹೋಗಿ ಅವಳ ಕೈಗೇ ಕೊಟ್ಟು ಬರುತ್ತೇನೆ, ಮುಖ ಹೇಗೆ ಮಾಡುತ್ತಾಳೆ ನೋಡುತ್ತೇನೆ ಎಂದು ಹಟ ಹಿಡಿಯಿತು.

ಅಮಾವಾಸ್ಯೆಯ ಹಿಂದಿನ ದಿನ ಹೊರಟೆ. ಸೋಮವಾರ ಅಲ್ಲ, ಗುರುವಾರ ಅಲ್ಲ, ಶನಿವಾರವೂ ಅಲ್ಲ. ಎಲ್ಲ ನೋಡಿಕೊಂಡೇ ಹೊರಟದ್ದು. ಮೀನಿನ ಗಂಟು ಒಯ್ಯುವವರು ದಿನ ನೋಡಬೇಕು. ಗಂಟನ್ನು ಪೇಪರಿನಲ್ಲಿ ಸುತ್ತಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಗೆ ಹಾಕಿ ಚೀಲದಲ್ಲಿಟ್ಟೆ. ಅಂಕೋಲೆ ಬಸ್ಸು ಹತ್ತಿದೆ. ಜೋರು ಮಳೆ, ಕಿಟಕಿ ಎಲ್ಲ ಹಾಕಿದ್ದರು, ಒಳಗೆ ಉಸಿರು ಕಟ್ಟುವ ಸೆಕೆ. ಬಸ್ಸು ಊರು ದಾಟುವ ಮೊದಲೇ ಡಬ್ಬಿ ಬೆವರಿ ನೀರು ಸೋರಲು ಶುರುವಾಯಿತು.

ಕಂಡಕ್ಟರು ಬಂದು ಮೂಗು ಏರಿಸಿದ.

“ಅಜ್ಜೀ, ಎಂತ ಅದು ಚೀಲದಲ್ಲಿ?”

“ಬರ್ಫ.”

“ಬರ್ಫಕ್ಕೆ ಮೀನಿನ ವಾಸ್ನೆ ಬರ್ತದ್ಯಾ?”

“ಕಾರವಾರದ ಬರ್ಫ ಹಾಂಗೇ ಬರ್ತದೆ. ಟಿಕೀಟು ಕೊಡು.”

ಹಿಂದಿನ ಸೀಟಿನವರು ನಕ್ಕರು. ಅವನೂ ನಕ್ಕು, “ಸಾರು ಮಾಡ್ದಾಗ ಕರೀರಿ ಹಂಗಾದ್ರೆ” ಎಂದು ಮುಂದೆ ಹೋದ.

ಅವರ್ಸಾದಲ್ಲಿ ಇಳಿದು ಕೇಳಿಕೊಂಡು ಹೋದೆ. ಗದ್ದೆ ಅಂಚಿಗೆ ಹೊಸ ಮನೆ, ಹಸಿರು ಬಣ್ಣ, ಎದುರಿಗೆ ಬಸಳೆ ಚಪ್ಪರ. ಅವಳು ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಕೈ ಎರಡೂ ಮಡಿಲಲ್ಲಿ. ಅವಳ ಕೈ ಸುಮ್ಮನೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗೇಟಿನಿಂದಲೇ ಕೂಗಿದೆ.

“ಏ! ಬರ್ತೆ ಬರ್ತೆ ಹೇಳಿ ಎಲ್ಲಿಗೆ ಸತ್ತೆ? ತಕಾ, ನಿನ್ನ ಶೆಟ್ಲಿ ತಂದೆ!”

ಅವಳು ಕುರ್ಚಿಯಿಂದ ಎದ್ದು ಎರಡೂ ಕೈ ಬೀಸಿದಳು, ನಾಯಿ ಅಟ್ಟುವ ಹಾಗೆ. ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದಳು. ಕೊರಳಲ್ಲಿ ತುಳಸಿ ಮಾಲೆ. ಹಿಂದೆ ಗೋಡೆಯ ಮೇಲೆ ಪಂಢರಾಪುರದ ವಿಠೋಬನ ಫೋಟೋ, ಅದರ ಎದುರು ದೀಪ. ನಾನು ಗೇಟಿನಲ್ಲೇ ನಿಂತೆ. ಮಾಲೆ ಹಾಕಿಕೊಂಡವರ ಮನೆ ಎಂದರೆ ನನಗೆ ಗೊತ್ತು. ಅಲ್ಲಿ ಶ್ರಾವಣ ಒಂದು ತಿಂಗಳಲ್ಲ, ವರ್ಷವಿಡೀ. ದಿನ ನೋಡಿ ಹೊರಟವಳು ಮನೆ ನೋಡಿರಲಿಲ್ಲ.

ಸೊಸೆ ಕೆಟ್ಟವಳಲ್ಲ. ಬೈಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ.

“ಬನ್ನಿ ಮಾವ್ಶಿ, ಒದ್ದೆ ಆಗ್ತೀರಿ. ಆ ಚೀಲ ಮಾತ್ರ ಅಲ್ಲೇ ಹಲಸಿನ ಮರಕ್ಕೆ ತೂಗ್ಹಾಕಿ ಬನ್ನಿ. ಕೈಕಾಲು ತೊಳ್ಕಣಿ, ಚಾ ಮಾಡ್ತೆ” ಎಂದಳು.

ಚೀಲವನ್ನು ಎತ್ತರದ ಕೊಂಬೆಗೆ ಕಟ್ಟಿದೆ. ಕಾಗೆ ಬಾರದ ಹಾಗೆ ಮೇಲೆ ನನ್ನ ಕೊಡೆ ಮುಚ್ಚಿದೆ. ಕೈಕಾಲು ತೊಳೆದು ಜಗಲಿಯಲ್ಲಿ ಕೂತೆ. ಸೊಸೆ ಒಳಗೆ ಹೋದ ಮೇಲೆ ಅವಳು ನನ್ನ ತೊಡೆಗೆ ಚಿವುಟಿದಳು.

“ಊರಿಗೆಲ್ಲ ಕೇಳೂ ಹಾಂಗೆ ಕೂಗ್ತ್ಯಲ್ಲೆ!”

“ಫೋನಿನಲ್ಲಿ ಹೇಳೂಕೆ ನಿಂಗೆ ಬಾಯಿ ಇರ್ಲಿಲ್ವೆ?”

“ಎಂತ ಹೇಳ್ಲಿ? ಫೋನು ಚಾರ್ಜಿಗೆ ಇಡೂದು ದೇವರ ಫೋಟೋದ ಬುಡಕ್ಕೆ. ಅಲ್ಲಿ ನಿಂತು ಶೆಟ್ಲಿ ಹೆಸ್ರು ತೆಗೂಕಾಗ್ತದ್ಯೆ? ಮಗನೂ ಮಾಲೆ ಹಾಕ್ದ. ಕುಡಿಯೂದು ಬಿಟ್ಟ ಅಕ್ಕಾ. ಅದಕ್ಕೆ ನಾನೂ ಮೀನು ಬಿಟ್ಟೆ. ಬಿಡ್ದೆ ಎಂತ ಮಾಡ್ಲಿ.”

ಮಗ ಕುಡಿತ ಬಿಟ್ಟದ್ದಕ್ಕೆ ತಾಯಿ ಮೀನು ಬಿಟ್ಟಳು.

“ಮತ್ತೆ ಬರ್ತೆ ಹೇಳಿ ಎಂತಕ್ಕೆ ಹೇಳ್ದೆ?”

“ಬರೂಕೆ ಇತ್ತು. ಬಂದ್ರೆ ಆ ಗಂಟು ನಂಗೆ ಬೇಡ ಹೇಳಿ ಹೇಳ್ಬೇಕಾಗ್ತಿತ್ತು. ಆಮೇಲೆ ನಿನ್ನ ಮನೆಲಿ ನಂದು ಹೇಳಿ ಎಂತ ಉಳೀತದೆ?” ಎಂದು ಗದ್ದೆಯ ಕಡೆ ನೋಡಿದಳು. ಆ ಕಡೆ ನೋಡುತ್ತಲೇ, “ಶೆಟ್ಲಿ ಹಾಳಾಗ್ಲಿಲ್ಲ ಅಲ?” ಎಂದು ಕೇಳಿದಳು.

“ಬಿಚ್ಚಿ ನೋಡ್ಲಿಲ್ಲ.”

“ಒಳ್ಳೆ ದೊಡ್ಡ ಶೆಟ್ಲಿ ಇತ್ತು” ಎಂದು ಎಂಜಲು ನುಂಗಿದಳು. “ನೀನೇ ತಿನ್ನು. ಇವತ್ತೇ ತಿನ್ನು, ನಾಳೆಗೆ ಇಡ್ಬೇಡ. ನಾನು ಹೇಳ್ತೆ ಅಲ, ತಿನ್ನು.”

ಚಾ ಕುಡಿದೆವು. ಮಾತು ಮುಗಿಯಿತು. ಚಾಳಿನಲ್ಲಿ ನಮಗೆ ಮಾತು ಮುಗಿಯುತ್ತಿರಲಿಲ್ಲ, ಕೈಯಲ್ಲಿ ಕೆಲಸ ಇರುತ್ತಿತ್ತಲ್ಲ. ಇಲ್ಲಿ ಇಬ್ಬರೂ ನೆಂಟರ ಹಾಗೆ ಕೂತೆವು. ಚಪ್ಪರ ನೋಡಿ, “ಬಸಳೆ ದಂಟು ಬಲೀತಾ ಅದ್ಯಲ್ಲೆ, ಯಾರೂ ಕೊಯ್ಯೂದಿಲ್ವೆ?” ಎಂದೆ.

“ಸೊಸೆ ನಂಗೆ ಕೆಲಸ ಮಾಡೂಕೆ ಬಿಡೂದಿಲ್ಲ. ಆರಾಮ ಮಾಡಿ, ಆರಾಮ ಮಾಡಿ. ಆರಾಮ ಮಾಡಿ ಮಾಡಿ ಸಾಕಾತು.” ಮತ್ತೆ ಒಳಗೆ ತಿರುಗಿ ತನ್ನ ಹಳೆಯ ಧ್ವನಿಯಲ್ಲಿ ಕೂಗಿದಳು. “ತಂಗೀ! ಆ ಎರಡು ಮೆಟ್ಗತ್ತಿ ಕೊಡು ನೋಡ್ವ. ಅಕ್ಕಂಗೆ ಬಸಳೆ ಕೊಟ್ಟು ಕಳ್ಸಬೇಕು!”

ಮನೆಯಲ್ಲಿ ಮೆಟ್ಟುಗತ್ತಿ ಒಂದೇ ಇತ್ತು. ಇನ್ನೊಂದನ್ನು ಸೊಸೆ ಪಕ್ಕದ ಮನೆಯಿಂದ ತಂದುಕೊಟ್ಟಳು. ಬಸಳೆ ಕೊಯ್ದೆವು. ಮರಳಿನಲ್ಲಿ ಹೂತಿಟ್ಟಿದ್ದ ಹಲಸಿನ ಬೀಜ ತೆಗೆದು ಜಜ್ಜಿ ಸುಲಿದೆವು. ಬೆಂಡೆಕಾಯಿ ಇತ್ತು. ಅವಳು ಒಂದು ಮೊಗೆಕಾಯಿ, ದೊಡ್ಡ ಬಣ್ಣದ ಸೌತೆ, ಎತ್ತಿಕೊಂಡಳು.

“ಅದು ಬೇಡ. ಫ್ರೀಜರಿಗೆ ಹಾಕಿದ್ರೆ ನೀರಾತದೆ.”

“ನಂಗೇ ಕಲಿಸ್ತ್ಯಾ? ಇದು ಇಡೀದೇ ಒಯ್ಯೂಕೆ ಕೊಡೂದು. ಮಂಚದ ಅಡಿಗೆ ಹಾಕು, ಚೌತಿ ತನಕ ಇರ್ತದೆ.”

ದಂಟು ಹೆಚ್ಚಲು ಕೂತಳು. ಬೆರಳುದ್ದ, ಸೌದಿ ಸೌದಿ. ನಾನು ಬಾಯಿ ತೆರೆಯುವ ಮೊದಲೇ, “ಸುಮ್ನಿರು. ನೀ ಎಂತ ಹೇಳ್ತಿ ಹೇಳಿ ಗೊತ್ತದೆ” ಎಂದಳು. ಸೊಸೆ ಉಪ್ಪುನೀರು ಕಾಯಿಸಿಕೊಟ್ಟಳು. ಅತ್ತೆ ಇಷ್ಟು ಮಾತಾಡುವುದನ್ನು ಈ ಮನೆಯಲ್ಲಿ ಕೇಳಿರಲಿಲ್ಲವೋ ಏನೋ, ಬಾಗಿಲಲ್ಲಿ ನಿಂತು ನೋಡಿದಳು.

ಕೊಟ್ಟೆ ಕಟ್ಟುವಾಗ ಅವಳು ಒಂದನ್ನು ಬೇರೆ ಇಟ್ಟಳು. ಅದರಲ್ಲಿ ಅವಳೇ ಹೆಚ್ಚಿದ ದಂಟು, ಹಲಸಿನ ಬೀಜ. ಒಳಗೆ ಹೋಗಿ ಹುಡುಕಿ ಹಸಿರು ದಾರ ತಂದಳು. ಮೊಮ್ಮಗಳ ಅಂಗಿಗೆ ಹೊಲಿಗೆ ಹಾಕಿ ಉಳಿದದ್ದು. ಎರಡು ಸುತ್ತು ಸುತ್ತಿ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.

“ಇದು ನಂದು. ಮುಟ್ಟಬೇಡ. ಬಂದು ಒಯ್ತೆ.”

“ನಿನ್ನ ಚಪ್ಪರದಲ್ಲೇ ಇಷ್ಟು ಬಸಳೆ ಅದೆ. ಕಾರವಾರಕ್ಕೆ ಬಂದು ಬಸಳೆ ಒಯ್ತ್ಯಾ?”

“ಒಯ್ತೆ. ನಿಂಗೆಂತ ಆಗೂದು?”

ಗೇಟಿನ ತನಕ ಬಂದಳು. ಮರದ ಕೊಂಬೆಯಿಂದ ನಾನು ಚೀಲ ಇಳಿಸುವಾಗ ಅವಳು ದೂರ ನಿಂತಳು. ತರಕಾರಿಯದ್ದು ಒಂದು ಕೈಯಲ್ಲಿ, ಮೀನಿನದ್ದು ಇನ್ನೊಂದು ಕೈಯಲ್ಲಿ, ಎರಡೂ ತಾಗದ ಹಾಗೆ ಹಿಡಿದುಕೊಂಡು ಸಂಜೆಯ ಬಸ್ಸು ಹತ್ತಿದೆ.

ಮನೆಗೆ ಬಂದವಳೇ ಶೆಟ್ಲಿ ಗಂಟು ಬಿಚ್ಚಿದೆ. ಹಾಳಾಗಿರಲಿಲ್ಲ. ಕಾಯಿ, ಕೆಂಪು ಮೆಣಸು, ಕೊತ್ತಂಬರಿ ಅರೆದು, ಅವಳ ಬಸಳೆಯ ಎಲೆ ಹಾಕಿ ಸಾರು ಮಾಡಿದೆ. ಮತ್ತೆ ಇಬ್ಬರ ಪಾಲು ಆಯಿತು. ಒಂದು ಬಟ್ಟಲು ತೆಗೆದುಕೊಂಡು ಪಕ್ಕದ ಹುಡುಗಿಯ ಬಾಗಿಲಿಗೆ ಹೋದೆ.

“ಅಯ್ಯೋ ಅಜ್ಜಿ, ನಮ್ಮದೇ ಎಲ್ಲ ಖಾಲಿ ಮಾಡೂಕೆ ಕೂತಿದೇವೆ, ಒಲೆ ಮೇಲೆ ಎರಡು ನಮೂನೆ ಅದೆ” ಎಂದಳು. ಎಲ್ಲರ ಮನೆಯಲ್ಲೂ ಅಂದು ಫ್ರೀಜರು ಖಾಲಿ ಮಾಡುವ ದಿನವೇ. ವಾಪಸು ತಂದು ನಾನೇ ತಿಂದೆ. ಅವರ್ಸಾದವಳು ಹೇಳಿದ್ದು ಸರಿ, ದೊಡ್ಡ ಶೆಟ್ಲಿ.

ಮರುದಿನ ಫ್ರಿಜ್ಜಿನ ಸ್ವಿಚ್ಚು ತೆಗೆದು, ತಂದ ತರಕಾರಿಯನ್ನು ಬಾವಿನೀರಿನ ಬಾಲ್ದಿಯಲ್ಲಿ ತೇಲಿಬಿಟ್ಟೆ. ಮಂಜನ್ನು ಮರದ ಸಟ್ಟುಗದಿಂದ ಕೆದರಿ ಬೀಳಿಸಿದೆ. ಸೋಡಾ ಪುಡಿ, ನಿಂಬೆ ಸಿಪ್ಪೆ ಹಾಕಿ ಉಜ್ಜಿದೆ. ವಾಸನೆ ಹೋಯಿತು. ಒರೆಸಿ, ಸ್ವಿಚ್ಚು ಹಾಕಿ, ತರಕಾರಿ ಒಳಗಿಟ್ಟೆ.

ಈಗ ಶ್ರಾವಣ ನಡೆದಿದೆ. ನನ್ನ ಪಾಲಿನ ಬಸಳೆ, ಬೆಂಡೆ ಮುಗಿಯಿತು. ಹಸಿರು ದಾರದ್ದು ಹಾಗೆಯೇ ಇದೆ. ಇದು ಮೀನಲ್ಲ, ಹೊರಗೆ ಹಾಕು ಎಂದು ಯಾವ ಹಬ್ಬವೂ ಹೇಳುವುದಿಲ್ಲ. ಅವಳು ಬರುವುದಿಲ್ಲ, ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಮೊಣಕಾಲು ಹಿಡಿದು ಬಸ್ಸು ಹತ್ತಿ ಬಸಳೆ ದಂಟಿಗಾಗಿ ಯಾರು ಬರುತ್ತಾರೆ. ಆದರೆ ಹೇಳಿದ್ದಾಳೆ. ಇರಲಿ. ಫ್ರೀಜರಿನಲ್ಲಿ ಜಾಗವಂತೂ ಬೇಕಾದಷ್ಟಿದೆ.